ಕುಳಿತ ದುಡಿಮೆಯೂ ಹೃದಯದ ಆರೋಗ್ಯವೂ
(ಹಲಗೇರಿಯ ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಹೃದಯರೋಗವು ಪಟ್ಟಣದ ಸಾಹುಕಾರರ ಬೇನೆ, ದುಡಿಯುವ ರೈತನಿಗೆ ಅದು ಬಾರದು ಎಂಬ ಮಾತು ನಮ್ಮಲ್ಲಿ ಇನ್ನೂ ಇದೆ. ಆದರೆ ನಮ್ಮ ದುಡಿಮೆಯ ರೀತಿಯೇ ಬದಲಾಗಿದೆ. ಎತ್ತು ಕಟ್ಟಿ, ಗೇಣಗಲದ ಸಾಲಿನಂತೆ ಒಂದು ಎಕರೆ ರಂಟೆ ಹೊಡೆದವನು ಲೆಕ್ಕ ಹಾಕಿದರೆ ಸುಮಾರು 18 ಕಿಲೋಮೀಟರು ನಡೆದಂತಾಗುತ್ತದೆ. ಅದೇ ಎಕರೆಯನ್ನು ಇಂದು ಟ್ರಾಕ್ಟರಿನವನು ಕುಳಿತಲ್ಲಿಯೇ ಮುಗಿಸುತ್ತಾನೆ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ತಾಯಂದಿರದೂ, ರಾಣೆಬೆನ್ನೂರಿನ ಅಂಗಡಿಕಾರರದೂ, ಬಸ್ಸು ಲಾರಿ ನಡೆಸುವವರದೂ ಕುಳಿತು ಮಾಡುವ ಕೆಲಸವೇ. ಮನೆಗೆ ಬಂದರೆ ಟಿ.ವಿ., ಮೊಬೈಲುಗಳ ಮುಂದೆ ಮತ್ತೆ ಕೂಡುವುದು.

ಕುಳಿತರೆ ಹೃದಯಕ್ಕೇನು ಕೇಡು? ಕಾಲು ತೊಡೆಗಳ ದೊಡ್ಡ ಸ್ನಾಯುಗಳು ಆಡುವಾಗ ರಕ್ತದಲ್ಲಿರುವ ಸಕ್ಕರೆ, ಕೊಬ್ಬುಗಳನ್ನು ಬಳಸಿಕೊಳ್ಳುತ್ತವೆ; ಕಾಲಿನ ರಕ್ತವನ್ನು ಹಿಂಡಿ ಮೇಲಕ್ಕೆ ಕಳುಹಿಸುತ್ತವೆ. ತಾಸುಗಟ್ಟಲೆ ಕುಳಿತರೆ ಈ ಎರಡೂ ಕೆಲಸ ಮಂದವಾಗುತ್ತವೆ. ವರ್ಷಗಟ್ಟಲೆ ಹೀಗೆಯೇ ನಡೆದರೆ ಸಕ್ಕರೆ ಕಾಯಿಲೆ, ಹೃದಯರೋಗಗಳ ಭಯ ಹೆಚ್ಚುತ್ತದೆ.

ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ಡ್ರೈವರನು ಕುಳಿತೇ ಇರುತ್ತಿದ್ದನು. ಕಂಡಕ್ಟರನು ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಿದ್ದನು. ಡಾ. ಜೆರೆಮಿ ಮಾರಿಸ್‌ರವರು ಇವರನ್ನು ಹೋಲಿಸಿ 1953ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೃದಯರೋಗವು ಕಂಡಕ್ಟರರಲ್ಲಿ ಕಡಿಮೆಯಾಗಿದ್ದುದು ಕಂಡುಬಂದಿತು. 2023ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು 11 ಜನರ ಮೇಲೆ ಒಂದು ಸಣ್ಣ ಪ್ರಯೋಗ ನಡೆಸಿದರು. ಅರ್ಧ ತಾಸಿಗೊಮ್ಮೆ 5 ನಿಮಿಷ ನಡೆದಾಗ, ಊಟದ ನಂತರ ಏರುವ ಸಕ್ಕರೆಯೂ ರಕ್ತದೊತ್ತಡವೂ ಇಳಿದವು.

ಇದಕ್ಕೆ ಕಾಸು ಖರ್ಚಿಲ್ಲ. ತಾವು ಮಾಡಬೇಕಾದುದು ಇಷ್ಟೇ:

1. ಅರ್ಧ ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ನೀರಿನ ತಂಬಿಗೆಯನ್ನು ದೂರ ಇಡಿರಿ, ಬಾಯಾರಿದಾಗ ಏಳಲೇಬೇಕಾಗುತ್ತದೆ.

2. ಟ್ರಾಕ್ಟರಿನವರು ಆಗಾಗ ಯಂತ್ರ ನಿಲ್ಲಿಸಿ, ಬದುವಿನ ಮೇಲೆ ಅಡ್ಡಾಡಿ ಬರಲಿ.

3. ಊಟವಾದ ಕೂಡಲೇ ಕಟ್ಟೆಗೆ ಕೂಡದೆ ಓಣಿಯಲ್ಲಿ ಒಂದು ಸುತ್ತು ಹಾಕಿರಿ.

4. ಮೊಬೈಲಿನಲ್ಲಿ ಮಾತಾಡುವಾಗ ನಿಂತು ಮಾತಾಡಿರಿ.

ತೂಕದ ಲೆಕ್ಕದಲ್ಲಿ ಕೂಲಿ ಪಡೆಯುವ ತಾಯಿಗೆ ಏಳುವ ಪ್ರತಿ ನಿಮಿಷವೂ ನಷ್ಟವೆನಿಸಬಹುದು. ತುಂಬಿದ ಬುಟ್ಟಿಯನ್ನು ಆಕೆಯೇ ತೂಕಕ್ಕೆ ಒಯ್ದರೆ ಏಳುವುದೂ ಕೆಲಸದೊಳಗೇ ಸೇರುತ್ತದೆ. ಇಂತಹ ಬಿಡುವಿಗೆ ಕೂಲಿ ಮುರಿಯಬಾರದೆಂದು ಮಾಲೀಕರಲ್ಲಿ ನನ್ನ ವಿನಂತಿ.

"ಮುಂಜಾನೆ ನಡೆದು ಬರುತ್ತೇನಲ್ಲ, ಸಾಲದೇ?" ಎಂದು ಕೆಲವರು ಕೇಳಬಹುದು. ಆ ನಡಿಗೆ ಒಳ್ಳೆಯದೇ, ಬಿಡಬೇಡಿರಿ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯಬೇಕು, ಜೊತೆಗೆ ಕೂಡುವ ಹೊತ್ತನ್ನೂ ಕಡಿಮೆ ಮಾಡಬೇಕು ಎಂಬುದೇ ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಕೊಟ್ಟ ಸಲಹೆ. ಬೀಡಿ, ತಂಬಾಕು ಬಿಡುವುದೂ, ರಕ್ತದೊತ್ತಡ ಪರೀಕ್ಷಿಸಿಕೊಳ್ಳುವುದೂ ಇದರೊಡನೆ ಇರಲಿ.

ಕೊನೆಯದಾಗಿ ಒಂದು ಎಚ್ಚರಿಕೆ. ಎದೆ ಹಿಂಡಿದಂತಾಗಿ, ನೋವು ತೋಳಿಗೋ ದವಡೆಗೋ ಹರಿದು, ಬೆವರು ಕಿತ್ತುಬಂದರೆ "ಗ್ಯಾಸು" ಎಂದು ಸೋಡಾ ಕುಡಿದು ಮಲಗಬೇಡಿರಿ. ಆಗ ನಡೆಯಲೂ ಬೇಡಿರಿ. ಕೂಡಲೇ 108ಕ್ಕೆ ಕರೆ ಮಾಡಿರಿ.

ದುಡಿಯುವವನ ಹೃದಯದ ಮೇಲೆ ಇಡೀ ಮನೆ ನಿಂತಿದೆ. ಈಗ ಸಭೆ ಮುಗಿಯಿತು. ತಾವೆಲ್ಲರೂ ಬಹಳ ಹೊತ್ತು ಕುಳಿತಿದ್ದೀರಿ, ದಯವಿಟ್ಟು ಏಳಿರಿ.