ಮುಟ್ಟಿ ನೋಡಿದ ನೆಲ

(ಪಾಳಿ ಮುಗಿದ ಮೇಲೆ ಸೇರಿದ ಗೆಳೆಯರ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿಯಲ್ಲಿ ದುಡಿಯುವ ನಿಮಗೆ ಬಟ್ಟೆಯ ಗುಣವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ದೂರದಿಂದ ನಯವಾಗಿ ಕಾಣುವ ಬಟ್ಟೆಯನ್ನು ಎರಡು ಬೆರಳಿನ ನಡುವೆ ಹಿಡಿದೊಡನೆ ಗಂಜಿ ಎಷ್ಟು, ನೂಲು ಎಷ್ಟು ಎಂದು ಹೇಳಬಲ್ಲಿರಿ. ಕಾಳಿನ ವ್ಯಾಪಾರದ ಗೆಳೆಯರೂ ಚೀಲದ ಬಾಯಿ ನೋಡಿ ದರ ಹೇಳುವವರಲ್ಲ. ಒಳಗಿನದನ್ನು ಹೊರತೆಗೆದು ಅಂಗೈಗೆ ಸುರಿದುಕೊಳ್ಳುತ್ತಾರೆ. ಇಂದು ನಾವು ಹೇಳಹೊರಟಿರುವುದು ಆಕಾಶದ ಕಲ್ಲುಗಳ ಸಂಗತಿ. ಆದರೂ ಅಲ್ಲಿ ನಡೆದದ್ದು ಇದೇ ಕೆಲಸ.

ಮಂಗಳ ಮತ್ತು ಗುರು ಗ್ರಹಗಳ ನಡುವೆ ಲಕ್ಷಗಟ್ಟಲೆ ಕಲ್ಲುಗಳು ಸೂರ್ಯನನ್ನು ಸುತ್ತುತ್ತಿವೆ. ಸುಮಾರು 450 ಕೋಟಿ ವರ್ಷಗಳ ಹಿಂದೆ ಗ್ರಹಗಳನ್ನು ಕಟ್ಟಿ ಉಳಿದ ಇಟ್ಟಿಗೆ ಚೂರುಗಳೆನ್ನಿ. ಕ್ಷುದ್ರಗ್ರಹ ಎಂದು ಹೆಸರು. ಹೆಸರಿಟ್ಟವರು ಸ್ವಲ್ಪ ದಯೆ ತೋರಬಹುದಿತ್ತು. ಕೆಲವು ಭೂಮಿಯ ಹತ್ತಿರಕ್ಕೂ ಬಂದುಹೋಗುತ್ತವೆ. ಅಂಥದೊಂದು ಬೆನ್ನು. ಈಜಿಪ್ಟಿನ ಪುರಾಣದ ಹಕ್ಕಿಯ ಹೆಸರದು, ನಮ್ಮ ಬೆನ್ನಿಗೂ ಅದಕ್ಕೂ ಸಂಬಂಧವಿಲ್ಲ. ಅಗಲ ಅರ್ಧ ಕಿಲೋಮೀಟರು ಮಾತ್ರ.

ದುರ್ಬೀನಿನಿಂದ ನೋಡಿದ ವಿಜ್ಞಾನಿಗಳು ಬೆನ್ನುವಿನ ಮೇಲೆ ಸಣ್ಣ ಜಲ್ಲಿ ಹಾಸಿದೆ ಎಂದು ಎಣಿಸಿದ್ದರು. ಕಾರಣವಿತ್ತು. ಬಿಸಿಲು ಇಳಿದ ಮೇಲೆ ಬಂಡೆ ಬಹಳ ಹೊತ್ತು ಬೆಚ್ಚಗಿರುತ್ತದೆ, ಮರಳು ಬೇಗ ತಣ್ಣಗಾಗುತ್ತದೆ. ಬೆನ್ನುವಿನ ನೆಲ ಬೇಗ ತಣ್ಣಗಾಗುತ್ತಿತ್ತು. ಆದರೆ 2018ರಲ್ಲಿ ಅಮೆರಿಕದ ಒಸೈರಿಸ್-ರೆಕ್ಸ್ ನೌಕೆ ಹತ್ತಿರ ಹೋಗಿ ನೋಡಿದರೆ, ಎಲ್ಲೆಲ್ಲೂ ಬಂಡೆ! ಆ ಬಂಡೆಗಳು ಒಳಗೆ ರಂಧ್ರ ರಂಧ್ರವಾಗಿದ್ದವು, ಆದ್ದರಿಂದ ಮರಳಿನಂತೆ ತಣ್ಣಗಾಗುತ್ತಿದ್ದವು. ಇಳಿಯಲು 50 ಮೀಟರ್ ಅಗಲದ ಬಯಲು ಬೇಕೆಂದವರಿಗೆ ಸಿಕ್ಕಿದ್ದು ಸುಮಾರು 16 ಮೀಟರಿನ ಜಾಗ.

2020ರ ಅಕ್ಟೋಬರ್ 20ರಂದು ನೌಕೆ ತೋಳು ಚಾಚಿ ನೆಲ ಮುಟ್ಟಿತು. ಇಲ್ಲಿಂದ ಸಂದೇಶ ಹೋಗಲು ಹದಿನೆಂಟೂವರೆ ನಿಮಿಷ ಬೇಕು, ಆದ್ದರಿಂದ ಕೈಹಿಡಿದು ನಡೆಸುವವರು ಯಾರೂ ಇರಲಿಲ್ಲ. ಗಟ್ಟಿಯಾಗಿ ಕಂಡ ನೆಲ ತಡೆಯಲೇ ಇಲ್ಲ. ತೋಳು ಅರ್ಧ ಮೀಟರಿನಷ್ಟು ಒಳಗೆ ಹೋಯಿತು. ಆ ಕ್ಷಣದಲ್ಲಿ ನೌಕೆಯ ಜೆಟ್‌ಗಳು ಉರಿದು ಹಿಂದಕ್ಕೆ ಎಳೆಯದಿದ್ದರೆ ನೌಕೆ ಅಲ್ಲೇ ಹೂತುಹೋಗುತ್ತಿತ್ತು. ಬೆನ್ನು ಒಂದು ಬಂಡೆಯಲ್ಲ. ಬಿಡಿ ಕಲ್ಲುಗಳ ರಾಶಿ.

ನಮ್ಮ ಕೇರಿಯ ನಲ್ಲಿಯಲ್ಲಿ ನೀರಿಲ್ಲ, ಆಕಾಶದ ಕಲ್ಲೇಕೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ 2182ರಲ್ಲಿ ಬೆನ್ನು ಭೂಮಿಗೆ ಬಡಿಯುವ ಒಂದು ಸಣ್ಣ ಸಾಧ್ಯತೆ ಇದೆ, ಲೆಕ್ಕದ ಪ್ರಕಾರ ಸುಮಾರು 2,700ರಲ್ಲಿ ಒಂದು. ನಮ್ಮ ಮರಿಮಕ್ಕಳ ಮಕ್ಕಳು ಅದನ್ನು ದೂರ ತಳ್ಳಬೇಕಾಗಿ ಬಂದರೆ, ಬಂಡೆಯನ್ನು ತಳ್ಳುವ ರೀತಿ ಬೇರೆ, ಜಲ್ಲಿಯ ರಾಶಿಯನ್ನು ತಳ್ಳುವ ರೀತಿ ಬೇರೆ. ಇದು ನೆಲ ಮುಟ್ಟಿದವರಿಂದಲೇ ತಿಳಿಯಬೇಕಾದ ಸಂಗತಿ.

ಇನ್ನು ನಮ್ಮ ಫಿಟ್ಟರ್ ಗೆಳೆಯರಿಗೆ ಒಂದು ಮಾತು. ಪೆಟ್ಟಿಗೆ 2023ರ ಸೆಪ್ಟೆಂಬರ್ 24ರಂದು ಯೂಟಾ ಮರುಭೂಮಿಯಲ್ಲಿ ಇಳಿಯಿತು. ಕಲ್ಲು ಹಿಡಿದಿದ್ದ ಡಬ್ಬಿಯ 35 ತಿರುಪುಗಳಲ್ಲಿ ಎರಡು ಬಿಚ್ಚಿಕೊಳ್ಳಲಿಲ್ಲ! ಕಲ್ಲಿಗೆ ಹೊರಗಿನ ಗಾಳಿ ತಗಲಬಾರದು. ಮುಚ್ಚಿದ ಪೆಟ್ಟಿಗೆಯೊಳಗೆ ಕೈಚೀಲ ತೊಟ್ಟೇ ಕೆಲಸ, ಕಂಡಕಂಡ ಸಲಕರಣೆ ಹಾಕುವಂತಿಲ್ಲ. ಹೂಸ್ಟನ್ನಿನ ಕೆಲಸಗಾರರು ಹೊಸ ಸಲಕರಣೆಯನ್ನೇ ಮಾಡಿಕೊಂಡು 2024ರ ಜನವರಿಯಲ್ಲಿ ಅವನ್ನು ಬಿಚ್ಚಿದರು. ನೂರು ಕೋಟಿ ಡಾಲರಿಗೂ ಮೀರಿದ ಯೋಜನೆ ಎರಡು ತಿರುಪಿನ ಮುಂದೆ ಮೂರು ತಿಂಗಳು ನಿಂತಿತ್ತೆಂದರೆ ನೀವು ನಗುತ್ತೀರಿ. ನಿಮ್ಮ ಮಗ್ಗವೂ ಹೀಗೆಯೇ ನಿಲ್ಲುವುದನ್ನು ಕಂಡವರು ನೀವು. ಒಟ್ಟು ತೂಕ 121.6 ಗ್ರಾಂ, ಹಳೆಯ ಲೆಕ್ಕದಲ್ಲಿ ಹತ್ತೂವರೆ ತೊಲಕ್ಕೂ ಕಡಿಮೆ. ಜಪಾನಿನ ಹಯಬುಸ-2 ರ‍್ಯುಗು ಎಂಬ ಕಲ್ಲಿನಿಂದ 2020ರಲ್ಲಿ ತಂದದ್ದು 5.4 ಗ್ರಾಂ, ಅರ್ಧ ತೊಲವೂ ಇಲ್ಲ.

ಆ ಹತ್ತು ತೊಲದಲ್ಲಿ ಏನಿತ್ತು? ಜೀವಿಗಳ ಮೈ ಕಟ್ಟುವ ಅಮೈನೋ ಆಮ್ಲಗಳಲ್ಲಿ 14 ಬಗೆ ಸಿಕ್ಕವು. ಜೀವವಲ್ಲ, ಅದರ ಕಚ್ಚಾ ಸಾಮಾನು. ಜೊತೆಗೆ ಉಪ್ಪುನೀರು ಇಂಗಿಹೋದ ಮೇಲೆ ಉಳಿಯುವ ಲವಣಗಳು, ಅವುಗಳಲ್ಲಿ ಸೋಡಿಯಂ ಕಾರ್ಬೊನೇಟ್. ಹೆಸರು ದೊಡ್ಡದು, ವಸ್ತು ಬಟ್ಟೆ ಒಗೆಯುವ ಸೋಡಾ.

ಈ ಸೋಡಾವನ್ನು ವಿಜ್ಞಾನಿಗಳು ಇನ್ನೊಂದು ಕಡೆ ದೂರದಿಂದ ಕಂಡಿದ್ದರು. ಸೀರಿಸ್ ಎಂಬ ಕುಬ್ಜಗ್ರಹವಿದೆ; ಪಿಯಾಟ್ಸಿ ಎಂಬ ಪಾದ್ರಿ 1801ರ ಜನವರಿ 1ರಂದು ಸಿಸಿಲಿಯಿಂದ ಕಂಡದ್ದು, ಅಡ್ಡಳತೆ ಸುಮಾರು 940 ಕಿಲೋಮೀಟರು. 2015ರಲ್ಲಿ ಡಾನ್ ನೌಕೆ ಅಲ್ಲಿಗೆ ತಲಪಿದಾಗ, ಅದರ ಕಪ್ಪು ಮೈಮೇಲೆ ಒಂದು ಕುಳಿಯ ನಡುವೆ ಬೆಳ್ಳಗೆ ಹೊಳೆಯುವ ಕಲೆ ಕಂಡಿತು. ದೀಪವೆಂದು ಹರಟಿದವರೂ ಉಂಟು. ಬೆಳಕನ್ನು ಬಿಡಿಸಿ ನೋಡಿದಾಗ ಅದು ಸೋಡಾ: ನೆಲದಡಿಯ ಉಪ್ಪುನೀರು ಮೇಲೆ ಬಂದು ಆರಿಹೋದ ಗುರುತು.

ಡಾನ್ 35 ಕಿಲೋಮೀಟರಿನಷ್ಟು ಹತ್ತಿರಕ್ಕೂ ಇಳಿದಿತ್ತು. 2018ರಲ್ಲಿ ಅದರ ಇಂಧನ ಮುಗಿದು ಮಾತು ನಿಂತಿತು; ಸೀರಿಸನ್ನು ಸುತ್ತುವುದು ನಿಂತಿಲ್ಲ. ಆ ಬಿಳಿಯ ನೆಲವನ್ನು ಇನ್ನೂ ಯಾವ ತೋಳೂ ಮುಟ್ಟಿಲ್ಲ.