ಬೆಲೆ ಬರೆದ ತಾಮ್ರದ ನಾಣ್ಯ



ಹಾನಗಲ್ಲು ತಾಲ್ಲೂಕಿನ ಅಕ್ಕಿಆಲೂರಿನಲ್ಲಿ ಪೂರ್ವ ರೋಮನ್ ಸಾಮ್ರಾಜ್ಯದ ಚಿನ್ನದ ನಾಣ್ಯಗಳು ದೊರೆತ ಸಂಗತಿಯನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಇಂದಿನ ಇಸ್ತಾಂಬುಲ್ ನಗರವೇ ಆ ಸಾಮ್ರಾಜ್ಯದ ರಾಜಧಾನಿ. ಆದರೆ ಅಲ್ಲಿನ ಬಡವನ ಕೈಯಲ್ಲಿ ಓಡಾಡುತ್ತಿದ್ದುದು ಚಿನ್ನವಲ್ಲ, ತಾಮ್ರ. ಅದೂ ಎಂಥದು? ಕಡಲೆಕಾಳಿನಷ್ಟಗಲದ ಚೂರು. ಒಂದು ಚಿನ್ನದ ನಾಣ್ಯಕ್ಕೆ ಅಂಥವು ಸಾವಿರಾರು. ಕಂದಾಯವನ್ನೋ ಸರ್ಕಾರ ಹೆಚ್ಚಾಗಿ ಚಿನ್ನದಲ್ಲೇ ಕೇಳುತ್ತಿತ್ತು. ಚೂರುಗಳ ಚೀಲ ಹೊತ್ತು ಚಿನಿವಾರನ ಬಳಿಗೆ ಹೋದರೆ, ಎಣಿಸಿ ಮುಗಿಯುವುದೆಂದಿಗೆ?

498ರಲ್ಲಿ ಅನಸ್ತಾಸಿಯಸ್ ಚಕ್ರವರ್ತಿಯು ನಲವತ್ತು ಚೂರುಗಳಿಗೆ ಸಮನಾದ ದೊಡ್ಡ ತಾಮ್ರದ ನಾಣ್ಯವನ್ನು ಹೊರಡಿಸಿದನು. ಅದರ ಮೇಲೆ ‘ಎಂ’ ಎಂಬ ಒಂದೇ ದಪ್ಪ ಅಕ್ಷರ. ಗ್ರೀಕರ ಲೆಕ್ಕದಲ್ಲಿ ಅದೇ ನಲವತ್ತು. ಇಪ್ಪತ್ತಕ್ಕೆ ‘ಕೆ’, ಹತ್ತಕ್ಕೆ ‘ಐ’. ಓದು ಬಾರದವನೂ ಇಷ್ಟನ್ನು ಗುರುತಿಟ್ಟುಕೊಳ್ಳಬಲ್ಲನಲ್ಲವೆ? ಮೊದಲು ನಾಣ್ಯ ಹಗುರವಾಗಿತ್ತು. 512ರಲ್ಲಿ ತೂಕವನ್ನು ಇಮ್ಮಡಿ ಮಾಡಿದರು. ಮುಂದೆ ಜಸ್ಟಿನಿಯನ್ ಚಕ್ರವರ್ತಿಯ ಕಾಲದಲ್ಲಿ ಅದು ಇಪ್ಪತ್ತು ಗ್ರಾಂ ದಾಟಿತು, ಆಳ್ವಿಕೆಯ ವರ್ಷವನ್ನೂ ಅಚ್ಚೊತ್ತಿದರು.

ಆಮೇಲೆ ಯುದ್ಧಗಳು ಬಂದವು, ಬೊಕ್ಕಸ ಬರಿದಾಯಿತು. ಏಳನೆಯ ಶತಮಾನದ ನಡುವಿನ ಹೊತ್ತಿಗೆ ನಾಣ್ಯದ ತೂಕ ಐದು ಗ್ರಾಂ ಆಸುಪಾಸಿಗೆ ಇಳಿದಿತ್ತು. ಮೇಲಿನ ‘ಎಂ’ ಮಾತ್ರ ಹಾಗೆಯೇ ಇದ್ದಿತು.