ರ‍್ಯಾಂಬೊ ಮತ್ತು ನಮ್ಮ ಚಪ್ಪಾಳೆ



ಸಿನಿಮಾ ಮುಗಿದು ಜನ ಹೊರಬರುವ ಹೊತ್ತಿನಲ್ಲಿ ಚಿತ್ರಮಂದಿರದ ಬಾಗಿಲ ಬಳಿ ಒಂದು ಗಳಿಗೆ ನಿಲ್ಲುವುದು ನನ್ನ ಹಳೆಯ ಚಾಳಿ. ಒಳಗೆ ಕತ್ತಲೆಯಲ್ಲಿ ಎಲ್ಲರೂ ಒಂದೇ ಚಿತ್ರವನ್ನು ನೋಡಿರುತ್ತಾರೆ. ಬೆಳಕಿಗೆ ಬಂದೊಡನೆ ಅದು ತಲೆಗೊಂದಾಗಿ ಒಡೆದುಹೋಗುತ್ತದೆ. ಹೀಗೆ ಒಡೆದ ಮಾತುಗಳನ್ನು ಹೆಕ್ಕಿಕೊಂಡರೆ ಚಿತ್ರದ ಗುಣದೋಷಗಳ ಜೊತೆಗೆ ನೋಡಿದವರ ಮನಸ್ಸೂ ಕಾಣಸಿಗುತ್ತದೆ. ಇಂದು ನಾನು ಹೇಳಹೊರಟಿರುವುದು ಅಂಥ ಕೆಲವು ಮಾತುಗಳನ್ನು ಕುರಿತು.

ಚಿತ್ರದ ಹೆಸರು ನಿಮಗೆಲ್ಲ ಗೊತ್ತಿರುವುದೇ: 'ರ‍್ಯಾಂಬೊ', 1985ರಲ್ಲಿ ಬಂದ ಅಮೆರಿಕದ ಚಿತ್ರ. 1982ರ 'ಫಸ್ಟ್ ಬ್ಲಡ್' ಎಂಬ ಚಿತ್ರಕ್ಕೆ ಇದು ಎರಡನೆಯ ಭಾಗ. ನಾಯಕ ಸಿಲ್ವೆಸ್ಟರ್ ಸ್ಟಲೋನ್. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕನೊಬ್ಬನನ್ನು ಸೆರೆಮನೆಯಿಂದ ಬಿಡಿಸಿ ಮತ್ತೆ ಅದೇ ವಿಯೆಟ್ನಾಮಿಗೆ ಕಳುಹಿಸುತ್ತಾರೆ. ಅಲ್ಲಿ ಇನ್ನೂ ಬಂದಿಗಳಾಗಿ ಉಳಿದಿರುವ ಅಮೆರಿಕನ್ ಸೈನಿಕರಿದ್ದಾರೆಯೇ ಎಂದು ಬರಿದೇ ಚಿತ್ರ ತೆಗೆದು ತರುವುದು ಅವನ ಕೆಲಸ. ಅವರಿದ್ದಾರೆ, ಅವನು ಚಿತ್ರ ತೆಗೆಯುವ ಬದಲು ಅವರನ್ನೇ ಕರೆತರುತ್ತಾನೆ. ನಡುವೆ ಕಾಡು, ಕೆಸರು, ಸಿಡಿಯುವ ಬಾಣ, ಹೆಲಿಕಾಪ್ಟರು, ಎಣಿಕೆಗೆ ನಿಲ್ಲದ ಸಾವು.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಈ ಚಿತ್ರ ನಮ್ಮೂರಿಗೆ ಬೆಳಗಿನ ಆಟಕ್ಕೆ ಬಂತು. ನಾನಾಗ ಕಾಲೇಜು ವಿದ್ಯಾರ್ಥಿ. ಜೊತೆಗೆ ನನ್ನ ಸೋದರಮಾವನನ್ನೂ ಕರೆದುಕೊಂಡು ಹೋಗಿದ್ದೆ. ಅವರು ಸೇನೆಯಿಂದ ನಿವೃತ್ತರಾಗಿ ಬ್ಯಾಂಕೊಂದರಲ್ಲಿ ಕಾವಲುಗಾರರಾಗಿದ್ದರು. ಮಾಜಿ ಸೈನಿಕನಿಗೆ ಸೈನಿಕನ ಚಿತ್ರ ರುಚಿಸದಿರುತ್ತದೆಯೇ ಎಂಬುದು ನನ್ನ ಲೆಕ್ಕ. ಗಾಂಧಿ ಕ್ಲಾಸಿನಲ್ಲಿ ಇಂಗ್ಲಿಷಿನ ಒಂದು ಮಾತೂ ತಿಳಿಯದವರು ಶಿಳ್ಳೆ ಹಾಕುತ್ತಿದ್ದರು. ಇಂಗ್ಲಿಷ್ ತಿಳಿದ ನಾನೂ ಅವರ ಜೊತೆ ಚಪ್ಪಾಳೆ ತಟ್ಟಿದೆ. ಕೆಸರಿನ ಗೋಡೆಯೊಂದರಲ್ಲಿ ಕೆಸರೇ ಆಗಿ ಅವಿತಿದ್ದ ನಾಯಕ ಕಣ್ಣು ತೆರೆದು ಶತ್ರುವಿನ ಮೇಲೆ ಎರಗಿದಾಗಲಂತೂ ಎದ್ದು ನಿಂತೇ ತಟ್ಟಿದೆ.

ಆಟ ಮುಗಿದ ಮೇಲೆ ಎದುರಿನ ಹೋಟೆಲಿನಲ್ಲಿ ಕಾಫಿ. ಅಲ್ಲಿ ಕೇಳಿಬಂದ ಅಭಿಪ್ರಾಯಗಳು ಇವು. ನನ್ನ ಗೆಳೆಯನೊಬ್ಬ ಹೇಳಿದ: ಗಂಡಸೆಂದರೆ ಹೀಗಿರಬೇಕು. ನಮ್ಮ ಇಂಗ್ಲಿಷ್ ಅಧ್ಯಾಪಕರು ಹೇಳಿದರು: ಇದಕ್ಕಿಂತ ಬಯಲಾಟದ ರಾಕ್ಷಸನೇ ವಾಸಿ, ಅವನಿಗೆ ಮಾತಾದರೂ ಬರುತ್ತದೆ. ವಿದ್ಯಾರ್ಥಿ ಸಂಘದ ಮುಂದಾಳು ಹೇಳಿದ: ರಣರಂಗದಲ್ಲಿ ಸೋತ ಯುದ್ಧವನ್ನು ಅಮೆರಿಕ ಬೆಳ್ಳಿತೆರೆಯ ಮೇಲೆ ಗೆದ್ದುಕೊಂಡಿದೆ. ನನ್ನ ಮಾವ ಏನೂ ಹೇಳಲಿಲ್ಲ. ನಾನು ಒತ್ತಾಯಪಡಿಸಿದ ಮೇಲೆ ಲೋಟ ಕೆಳಗಿಟ್ಟು ಕೇಳಿದರು: "ಅಲ್ಲ ಕಣೋ, ಅಷ್ಟೆಲ್ಲ ಹೊಡೆದಾಡಿದನಲ್ಲ, ಆ ಹುಡುಗ ಊಟ ಮಾಡಿದ್ದು ಯಾವಾಗ?"

ಎಲ್ಲರೂ ನಕ್ಕೆವು. ಮಾವನೂ ನಕ್ಕರು. ಆ ಪ್ರಶ್ನೆ ಮಾತ್ರ ನನ್ನಲ್ಲಿ ಉಳಿದುಕೊಂಡಿತು. ಅದರ ಅರ್ಥ ತಿಳಿಯಬೇಕಾದರೆ ಕಥೆಯ ಮೂಲಕ್ಕೆ ಹೋಗಬೇಕು.

ರ‍್ಯಾಂಬೊ ಹುಟ್ಟಿದ್ದು ಒಂದು ಕಾದಂಬರಿಯಲ್ಲಿ. ಅದನ್ನು ಬರೆದವರು ಡೇವಿಡ್ ಮೊರೆಲ್, ಕೆನಡಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಸಾಹಿತ್ಯದ ಅಧ್ಯಾಪಕರಾದವರು. ವಿದ್ಯಾರ್ಥಿ ದೆಸೆಯಲ್ಲಿದ್ದಾಗ ದೂರದರ್ಶನದ ವಾರ್ತೆಯಲ್ಲಿ ವಿಯೆಟ್ನಾಂ ಕದನದ ದೃಶ್ಯವನ್ನೂ, ಅದರ ಬೆನ್ನಿಗೇ ಅಮೆರಿಕದ ನಗರಗಳಲ್ಲಿ ನಡೆದ ದೊಂಬಿಯ ದೃಶ್ಯವನ್ನೂ ನೋಡಿದ ಅವರಿಗೆ, ಆ ಯುದ್ಧ ಈ ನೆಲಕ್ಕೇ ಬಂದರೆ ಹೇಗೆ ಎಂಬ ಯೋಚನೆ ಹುಟ್ಟಿತಂತೆ. ನಾಯಕನ ಹೆಸರಿಗೆ ಒಂದು ಕಡೆ ಫ್ರೆಂಚ್ ಕವಿ ರ‍್ಯಾಂಬೋನ ನೆನಪು, ಇನ್ನೊಂದು ಕಡೆ ಹೆಂಡತಿ ಮನೆಗೆ ತಂದ ಸೇಬಿನ ತಳಿಯೊಂದರ ಹೆಸರು. 1972ರಲ್ಲಿ ಕಾದಂಬರಿ ಅಚ್ಚಾಯಿತು. ಯುದ್ಧ ಅಷ್ಟರಲ್ಲಿ ಇನ್ನೂ ಮುಗಿದಿರಲಿಲ್ಲ.

ಕಾದಂಬರಿಯಲ್ಲಿ ರ‍್ಯಾಂಬೊನನ್ನು ಬೇಟೆಯಾಡುವ ಪೊಲೀಸ್ ಮುಖ್ಯಸ್ಥನೂ ಹಳೆಯ ಸೈನಿಕನೇ. ಕೊರಿಯಾ ಯುದ್ಧದಲ್ಲಿ ಪದಕ ಪಡೆದವನು. ಕಥೆ ಒಮ್ಮೆ ಇವನ ಕಣ್ಣಿನಿಂದ, ಒಮ್ಮೆ ಅವನ ಕಣ್ಣಿನಿಂದ ಸಾಗುತ್ತದೆ. ಹೀಗಾಗಿ ಓದುಗನು ಯಾರೊಬ್ಬನ ಪಕ್ಷವನ್ನೂ ನೆಮ್ಮದಿಯಿಂದ ವಹಿಸುವಂತಿಲ್ಲ. ಕೊನೆಗೆ ಇಬ್ಬರೂ ಸಾಯುತ್ತಾರೆ.

1982ರಲ್ಲಿ ನಿರ್ದೇಶಕ ಟೆಡ್ ಕಾಚೆಫ್ ಇದನ್ನು ಚಿತ್ರವಾಗಿಸಿದರು. ಆ ಮೊದಲ ಚಿತ್ರವನ್ನು ನಾನು ನೋಡಿದ್ದು ಎರಡನೆಯದನ್ನು ನೋಡಿ ಎಷ್ಟೋ ವರ್ಷಗಳ ಮೇಲೆ, ಬಾಡಿಗೆಗೆ ತಂದ ವಿಡಿಯೋ ಕ್ಯಾಸೆಟ್ಟಿನಲ್ಲಿ. ಮೊದಲ ಹತ್ತು ನಿಮಿಷಗಳಲ್ಲೇ ಮಾವನ ಪ್ರಶ್ನೆ ಎದುರಾಯಿತು. ಹೆಗಲಿಗೆ ಚೀಲ ಹಾಕಿಕೊಂಡು ಒಬ್ಬ ಯುವಕ ತನ್ನ ತುಕಡಿಯ ಗೆಳೆಯನನ್ನು ಹುಡುಕಿಕೊಂಡು ಬರುತ್ತಾನೆ. ಗೆಳೆಯ ಸತ್ತುಹೋಗಿದ್ದಾನೆ. ಯುದ್ಧದಲ್ಲಿ ಕಾಡಿನ ಎಲೆಯುದುರಿಸಲು ಸಿಂಪಡಿಸಿದ ವಿಷ ಅವನ ಮೈಯಲ್ಲಿ ಅರ್ಬುದವಾಗಿತ್ತು. ಅಲ್ಲಿಂದ ಹೊರಟ ಯುವಕ ಒಂದು ಸಣ್ಣ ಊರಿಗೆ ಬಂದು ಪೊಲೀಸ್ ಅಧಿಕಾರಿಯನ್ನು ಕೇಳುವುದು ಇಷ್ಟೇ: ಇಲ್ಲಿ ಊಟ ಎಲ್ಲಿ ಸಿಗುತ್ತದೆ? ಅಧಿಕಾರಿ ಅವನನ್ನು ಊರ ಗಡಿ ದಾಟಿಸಿ, ಮೂವತ್ತು ಮೈಲಿ ಮುಂದಿನ ಹೋಟೆಲಿನ ದಾರಿ ತೋರಿಸಿ ಬಿಡುತ್ತಾನೆ. ಯುವಕ ಹಿಂತಿರುಗಿ ನಡೆಯುತ್ತಾನೆ. ಮುಂದಿನದೆಲ್ಲ ಅಲ್ಲಿಂದ ಆರಂಭ. ಇಡೀ ರಣರಂಪದ ಮೂಲ ಒಂದು ಹೊತ್ತಿನ ಊಟ!

ಈ ಮೊದಲ ಚಿತ್ರದಲ್ಲಿ ಸಾಯುವವನು ಒಬ್ಬನೇ ಒಬ್ಬ. ಅದೂ ಹೆಲಿಕಾಪ್ಟರಿನಿಂದ ಬಿದ್ದು. ಕೊನೆಯಲ್ಲಿ ನಾಯಕ ಗೋಡೆಗೊರಗಿ ಕುಳಿತು, ತನ್ನ ಕೈಯಲ್ಲೇ ಛಿದ್ರವಾಗಿ ಸತ್ತ ಗೆಳೆಯನನ್ನು ನೆನೆದು ಮಗುವಿನಂತೆ ಅಳುತ್ತಾನೆ. ಚಿತ್ರ ಅಮೆರಿಕದಲ್ಲಿ ತೆರೆಕಂಡದ್ದು 1982ರ ಅಕ್ಟೋಬರ್ 22ರಂದು. ಮೂರು ವಾರ ಕಳೆದು ನವೆಂಬರ್ 13ರಂದು ವಾಷಿಂಗ್ಟನ್ನಿನಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಮಡಿದವರ ಹೆಸರುಗಳನ್ನು ಕೊರೆದ ಕರಿಗಲ್ಲಿನ ಗೋಡೆ ಲೋಕಾರ್ಪಣೆಗೊಂಡಿತು. ಆ ಗೋಡೆಯ ಮೇಲೆ ಇಂದು 58,000ಕ್ಕೂ ಮೇಲ್ಪಟ್ಟು ಹೆಸರುಗಳಿವೆ. ಯುದ್ಧದ ಗಾಯ ಮನಸ್ಸಿಗೂ ಆಗುತ್ತದೆಂದು, ಅದಕ್ಕೊಂದು ರೋಗದ ಹೆಸರು ಕೊಟ್ಟು ಅಲ್ಲಿನ ಮನೋವೈದ್ಯರ ಸಂಘ ತನ್ನ ಕೈಪಿಡಿಯಲ್ಲಿ ಸೇರಿಸಿಕೊಂಡದ್ದು ಅದಕ್ಕೆ ಎರಡು ವರ್ಷ ಮೊದಲು, 1980ರಲ್ಲಿ. ಒಂದು ದೇಶ ತನ್ನ ಗಾಯವನ್ನು ನೋಡಿಕೊಳ್ಳಲು ಧೈರ್ಯ ಮಾಡಿದ ಗಳಿಗೆ ಅದು.

ನೋಡುಗರ ಅಭಿಪ್ರಾಯ ಕಥೆಯೊಳಕ್ಕೇ ಕೈಹಾಕಿದ್ದೂ ಆಗಲೇ. ಕಾದಂಬರಿಯಂತೆ ನಾಯಕ ಸಾಯುವ ಮುಕ್ತಾಯವನ್ನೂ ಕಾಚೆಫ್ ಚಿತ್ರೀಕರಿಸಿದ್ದರು. ಬಿಡುಗಡೆಗೆ ಮೊದಲು ಆಯ್ದ ಪ್ರೇಕ್ಷಕರಿಗೆ ತೋರಿಸಿದಾಗ ಅವರು ಅದನ್ನು ಒಪ್ಪಲಿಲ್ಲ. ಇಷ್ಟು ನೊಂದವನನ್ನು ಕೊನೆಗೂ ಕೊಲ್ಲುವುದೇ? ಮುಕ್ತಾಯ ಬದಲಾಯಿತು, ನಾಯಕ ಬದುಕಿ ಸೆರೆಗೆ ಹೋದ. ಆ ಪ್ರೇಕ್ಷಕರನ್ನು ನಾನು ದೂರಲಾರೆ. ಅವರದು ಕರುಣೆ. ಆದರೆ ಬದುಕುಳಿದ ನಾಯಕನಿಗೆ ಎರಡನೆಯ ಭಾಗ ಬರದೆ ಇರುತ್ತದೆಯೇ? ಕರುಣೆಯಿಂದ ಉಳಿಸಿಕೊಂಡವನನ್ನು ಮೂರು ವರ್ಷಗಳಲ್ಲಿ ಅದೇ ಪ್ರೇಕ್ಷಕ ಸಮೂಹ ಮತ್ತೆ ಯುದ್ಧಕ್ಕೆ ಕಳುಹಿಸಿತು. ಈ ಸಲ ನಾಯಕನೇ ತನ್ನ ಹಳೆಯ ಕರ್ನಲನನ್ನು ಕೇಳುತ್ತಾನೆ, ಈ ಬಾರಿ ನಮಗೆ ಗೆಲ್ಲಲು ಬಿಡುತ್ತಾರೆಯೇ ಎಂದು. ಸಹಸ್ರಾರು ಜನ ಕೇಳಲು ಕಾತರಿಸಿದ್ದ ಪ್ರಶ್ನೆ ಅದು. ಅಮೆರಿಕದಲ್ಲೇ ಚಿತ್ರ ಸುಮಾರು 15 ಕೋಟಿ ಡಾಲರ್ ಗಳಿಸಿತು.

ಅಭಿಪ್ರಾಯಗಳು ಅಲ್ಲಿಯೂ ನಮ್ಮ ಹೋಟೆಲಿನಂತೆಯೇ ಒಡೆದವು. ವರ್ಷದ ಅತಿ ಕೆಟ್ಟ ಚಿತ್ರಕ್ಕೆ ಕೊಡುವ ಅಣಕದ ಪ್ರಶಸ್ತಿ ಇದಕ್ಕೇ ಬಂತು. ಅಧ್ಯಕ್ಷ ರೇಗನ್ ಮಾತ್ರ ಮೆಚ್ಚಿದರು. 1985ರ ಜೂನ್ ಕೊನೆಯಲ್ಲಿ ಬೈರೂತಿನಿಂದ ಒತ್ತೆಯಾಳುಗಳು ಬಿಡುಗಡೆಯಾದಾಗ, ಭಾಷಣಕ್ಕೆ ಮೊದಲು ಧ್ವನಿಪರೀಕ್ಷೆ ಮಾಡುತ್ತ, ನಿನ್ನೆ ರಾತ್ರಿ ರ‍್ಯಾಂಬೊ ನೋಡಿದೆ, ಮುಂದಿನ ಸಲ ಏನು ಮಾಡಬೇಕೆಂದು ಗೊತ್ತಾಯಿತು ಎಂಬರ್ಥದ ಚಟಾಕಿ ಹಾರಿಸಿದರು. ಮೈಕಿನ ಮುಂದೆ ಕುಳಿತವರು ಎಚ್ಚರದಿಂದಿರಬೇಕೆಂಬುದಕ್ಕೆ ಇದೊಂದು ನಿದರ್ಶನ!

ಚಿತ್ರವನ್ನು ಮೆಚ್ಚಿದವರಲ್ಲಿ ಒಂದು ವರ್ಗವನ್ನು ನಾವು ಹಗುರವಾಗಿ ಕಾಣಬಾರದು. ಮನೆಯ ಮಗ ಯುದ್ಧದಲ್ಲಿ ಕಾಣೆಯಾಗಿ, ಸತ್ತನೆಂದೂ ತಿಳಿಯದೆ ಇದ್ದಾನೆಂದೂ ತಿಳಿಯದೆ ದಾರಿ ಕಾದವರು ಅವರು. 1973ರಲ್ಲಿ 591 ಮಂದಿ ಯುದ್ಧಕೈದಿಗಳು ಅಮೆರಿಕಕ್ಕೆ ಮರಳಿದರು. ಉಳಿದವರೂ ಎಲ್ಲೋ ಇರಬಹುದೆಂಬ ನಂಬಿಕೆ ಆ ಮನೆಗಳಲ್ಲಿ ಆರಲಿಲ್ಲ. ಅಂಥ ತಾಯಿಗೆ ಈ ಚಿತ್ರ ಬರಿಯ ಮನರಂಜನೆಯಾಗಿರಲಾರದು. 1993ರಲ್ಲಿ ಅಲ್ಲಿನ ಸೆನೆಟ್ಟಿನ ಸಮಿತಿಯೊಂದು ಸುದೀರ್ಘ ವಿಚಾರಣೆ ನಡೆಸಿ, ಯಾವ ಸೈನಿಕನೂ ಅಲ್ಲಿ ಸೆರೆಯಲ್ಲಿ ಜೀವಂತ ಉಳಿದಿರುವುದಕ್ಕೆ ಬಲವಾದ ಸಾಕ್ಷ್ಯವಿಲ್ಲವೆಂದು ವರದಿ ಕೊಟ್ಟಿತು. ತೆರೆಯ ಮೇಲೆ ಎರಡು ಗಂಟೆಯೊಳಗೆ ಮರಳಿ ಬಂದವರು ಅವರ ಮನೆಯ ಬಾಗಿಲಿಗೆ ಬರಲಿಲ್ಲ. ಆ ತಾಯಂದಿರ ನೋವು ನಿಜ. ಆ ನೋವಿಗೆ ಚಿತ್ರ ಕೊಟ್ಟ ಉತ್ತರ ನಿಜವಲ್ಲ. ಈ ಚಿತ್ರದ ಮೇಲಿರುವ ಎಲ್ಲ ದೂರುಗಳಲ್ಲಿ ಇದೇ ಭಾರವಾದದ್ದೆಂದು ನನಗೆ ತೋರುತ್ತದೆ.

ಇನ್ನು ಆಚೆ ದಡದವರ ಮಾತು. ಆ ಯುದ್ಧದಲ್ಲಿ 20 ಲಕ್ಷ ನಾಗರಿಕರೂ 11 ಲಕ್ಷ ಯೋಧರೂ ಸತ್ತರೆಂದು ವಿಯೆಟ್ನಾಂ ಸರ್ಕಾರ 1995ರಲ್ಲಿ ಅಂದಾಜು ಪ್ರಕಟಿಸಿತು. ಕಾಣೆಯಾದ ಮಕ್ಕಳ ಎಲುಬಿಗಾಗಿ ಹುಡುಕಿದ ತಾಯಂದಿರು ಅಲ್ಲಿಯೂ ಲಕ್ಷಗಟ್ಟಲೆ ಇದ್ದರು. ಚಿತ್ರದಲ್ಲಿ ಸಾಯುವ ವಿಯೆಟ್ನಾಮೀಯರಲ್ಲಿ ಮುಖ ಉಳ್ಳವಳು ನಾಯಕನಿಗೆ ನೆರವಾದ ಒಬ್ಬ ಹೆಣ್ಣುಮಗಳು. ಮಿಕ್ಕವರು ಬೀಳುವ ಹುಲ್ಲು. ಇಲ್ಲಿ ನನಗೆ ರನ್ನನ ನೆನಪಾಗುತ್ತದೆ. ಅವನ ದುರ್ಯೋಧನ ಹೆಣಗಳ ನಡುವೆ ಕಾಲಿಡಲು ತಾವಿಲ್ಲದೆ ನಡೆಯುವಾಗ ಶತ್ರುವಿನ ಮಗನಾದ ಅಭಿಮನ್ಯುವಿನ ಶವದ ಮುಂದೆ ನಿಂತು ಕೈಮುಗಿಯುತ್ತಾನೆ. ಯುದ್ಧದ ಕಥೆಯನ್ನು ಬಲ್ಲ ಕವಿ ಶತ್ರುವಿನ ಹೆಣಕ್ಕೂ ಒಂದು ಹೆಸರು ಕೊಡುತ್ತಾನೆ. ವೀರ ವೀರವಾಗಿ ಉಳಿಯುವುದು ಆಗಲೇ. ಆ ಹೆಸರು ಅಳಿಸಿಹೋದೆಡೆ ಉಳಿಯುವುದು ರೌದ್ರ. ಅದೂ ಅತಿಯಾದಾಗ ಬೀಭತ್ಸ.

ಮುಂದಿನ ಭಾಗಗಳಲ್ಲಿ ಆದದ್ದೂ ಅದೇ. ಎರಡನೆಯದರಲ್ಲಿ 60ಕ್ಕೂ ಮೇಲಿದ್ದ ಸಾವು 1988ರ ಮೂರನೆಯದರಲ್ಲಿ 100 ದಾಟಿತು, 2008ರ ನಾಲ್ಕನೆಯದರಲ್ಲಿ 200 ದಾಟಿತು. ಮೂರನೆಯದು ಆಫ್ಘಾನಿಸ್ತಾನದಲ್ಲಿ ಸೋವಿಯತ್ ಸೇನೆಯ ವಿರುದ್ಧ. ಚಿತ್ರ ತೆರೆಗೆ ಬರುವ ವೇಳೆಗೆ ಆ ಸೇನೆ ಹಿಂತಿರುಗಲು ಆರಂಭಿಸಿತ್ತು. 2001ರ ಮೇಲೆ ಅದೇ ನೆಲದಲ್ಲಿ ಅಮೆರಿಕವೇ 20 ವರ್ಷ ಕಾದಾಡಿತೆಂಬುದು ಇತಿಹಾಸದ ವಿನೋದ. ನಾಲ್ಕನೆಯದು ಬರ್ಮಾದಲ್ಲಿ. ಅದನ್ನು ಅತಿ ಹಿಂಸೆಯೆಂದು ಅನೇಕರು ಹಳಿದರು. ಅಲ್ಲಿನ ಸೇನಾಡಳಿತದಿಂದ ನಿಜವಾಗಿಯೂ ನೊಂದ ಕರೆನ್ ಜನಾಂಗದವರಲ್ಲಿ ಹಲವರು ತಮ್ಮ ಗೋಳನ್ನು ಜಗತ್ತಿಗೆ ತೋರಿಸಿತೆಂದು ಮೆಚ್ಚಿದರು. ನೋಡುವವನು ಎಲ್ಲಿ ನಿಂತಿದ್ದಾನೆಂಬುದರ ಮೇಲೆ ಅಭಿಪ್ರಾಯವೂ ನಿಲ್ಲುತ್ತದೆ. 2019ರ ಐದನೆಯ ಭಾಗವನ್ನು ನೋಡಿ, ಇದರೊಡನೆ ತನ್ನ ಹೆಸರು ಸೇರಿರುವುದಕ್ಕೆ ನಾಚಿಕೆಯಾಗುತ್ತಿದೆಯೆಂದು ಬಹಿರಂಗವಾಗಿ ಹೇಳಿದವರು ಮತ್ತಾರೂ ಅಲ್ಲ, ಮೂಲ ಲೇಖಕ ಮೊರೆಲ್.

ಈ ಐದನೆಯದನ್ನು ನನ್ನ ಅಣ್ಣನ ಮೊಮ್ಮಗ ಕೈಯಲ್ಲಿ ಹಿಡಿಯುವ ಫೋನಿನಲ್ಲಿ ನೋಡುತ್ತಿದ್ದ. ಮೊದಲ ಒಂದು ಗಂಟೆಯನ್ನು ಬೆರಳಿನಿಂದ ಸರಸರನೆ ಸರಿಸಿ, ಕೊನೆಯ ಕೊಲೆಗಳಿಗೆ ಬಂದು ನಿಲ್ಲಿಸಿದ. "ಅದರಲ್ಲಿ ಏನೂ ಇಲ್ಲ ಅಜ್ಜ, ಬರೀ ಮಾತು" ಎಂದ. ಅವನು ಸರಿಸಿದ ಭಾಗದಲ್ಲಿ ಏನಿದೆಯೆಂದು ನಾನು ಬಳಿಕ ನೋಡಿದೆ. ಮುದುಕನಾದ ರ‍್ಯಾಂಬೊಗೆ ಹೊಲ, ಮನೆ, ಕುದುರೆಗಳು ಇವೆ. ಆದರೂ ಅವನು ನೆಲದಡಿ ತಾನೇ ತೋಡಿದ ಸುರಂಗಗಳಲ್ಲಿ ವಾಸಿಸುತ್ತಾನೆ. ಮನಸ್ಸು ಕೆರಳದಂತೆ ಗುಳಿಗೆ ನುಂಗುತ್ತಾನೆ. ಯುದ್ಧ ಮುಗಿದು ನಾಲ್ಕು ದಶಕ ಕಳೆದಮೇಲೂ ಮನೆಯೊಳಗೆ ಮಲಗಲಾರದ ಮನುಷ್ಯ! ಐದು ಚಿತ್ರಗಳ ಕೊನೆಗೂ ಮೊದಲ ಚಿತ್ರದ ಆ ಗಾಯ ಒಂದು ಎಳೆಯಾಗಿ ಉಳಿದಿತ್ತು. ಹುಡುಗನ ಬೆರಳು ಅದರ ಮೇಲೆ ಹಾದುಹೋಗಿತ್ತು. ಅವನನ್ನು ಗದರಿಸುವ ಹಕ್ಕು ನನಗಿಲ್ಲ. ಮೂವತ್ತು ವರ್ಷಗಳ ಹಿಂದೆ ಎದ್ದು ನಿಂತು ಚಪ್ಪಾಳೆ ತಟ್ಟಿದವನು ನಾನೇ ಅಲ್ಲವೇ?

ಈಗ ರ‍್ಯಾಂಬೊ ಎಂಬುದು ಇಂಗ್ಲಿಷ್ ನಿಘಂಟಿನಲ್ಲಿ ಒಂದು ಪದ. ಕನ್ನಡದಲ್ಲೇ 2012ರಲ್ಲೂ 2018ರಲ್ಲೂ ಅದೇ ಹೆಸರಿನ ನಗೆಚಿತ್ರಗಳು ಬಂದವು. ಹೆಸರು ಉಳಿದು, ಅದನ್ನು ಹೊತ್ತವನ ಹಸಿವು ಮರೆತುಹೋಯಿತು.

ನನ್ನ ಮಾವ ಸೇನೆಯಲ್ಲಿ ಇದ್ದದ್ದು ಸರಬರಾಜು ವಿಭಾಗದಲ್ಲಿ. 1965ರಲ್ಲೂ 1971ರಲ್ಲೂ ಅವರು ಲಾರಿ ಓಡಿಸಿದರು, ಒಂದು ಗುಂಡನ್ನೂ ಹಾರಿಸಲಿಲ್ಲ. ಯುದ್ಧದ ಬಗ್ಗೆ ಅವರು ತಾವಾಗಿ ಹೇಳಿದ್ದು ನನಗೆ ನೆನಪಿರುವಂತೆ ಒಂದೇ ಸಲ: "ಹೋಗೋವಾಗ ಲಾರಿ ತುಂಬ ಹಿಟ್ಟಿನ ಮೂಟೆ ಇರ್ತಿತ್ತು. ಬರೋವಾಗ..." ಎಂದು ಅಷ್ಟಕ್ಕೇ ನಿಲ್ಲಿಸಿದರು. ಅವರು ಈಗ ಇಲ್ಲ. ಆ ವಾಕ್ಯವನ್ನು ಪೂರ್ಣ ಮಾಡಿ ಹೇಳಿ ಎಂದು ನಾನು ಕೇಳಲೂ ಇಲ್ಲ.

ಹಿಂಸೆಯ ಚಿತ್ರಗಳನ್ನು ನೋಡಬೇಡಿರೆಂದು ಹೇಳಲು ನಾನಿಲ್ಲಿ ಕುಳಿತಿಲ್ಲ. ಹೇಳಿದರೂ ಯಾರೂ ಕೇಳುವುದಿಲ್ಲ. ಇಷ್ಟನ್ನು ಮಾತ್ರ ಅರಿಕೆ ಮಾಡಿಕೊಳ್ಳುತ್ತೇನೆ. ಮುಂದಿನ ಸಲ ತೆರೆಯ ಮೇಲೆ ಒಬ್ಬ ಸಿಪಾಯಿ ನೂರು ಜನರನ್ನು ಉರುಳಿಸುವಾಗ, ಚಪ್ಪಾಳೆಗೆ ಕೈಯೆತ್ತುವ ಮುನ್ನ, ಅವನು ಊಟ ಮಾಡಿದ್ದು ಯಾವಾಗ ಎಂದು ಒಮ್ಮೆ ಕೇಳಿಕೊಳ್ಳಿ. ಬಿದ್ದವರದನ್ನೂ ಕೇಳಿಕೊಳ್ಳಿ. ಅದಾದ ಮೇಲೂ ಕೈ ಮೇಲೇಳುವುದಾದರೆ ತಟ್ಟೋಣ.